ಟಿಟಿಗೊಂದು ಬೆಳಕಿಂಡಿ

ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಬಳ್ಳಾರಿಯಲ್ಲಿ ಹೊರಗೆ 41 ಡಿಗ್ರಿ. ಮಲಗಿ, ಅಡುಗೆ ಮಾಡಿಕೊಂಡು ಊರು ಸುತ್ತುವ ಮನೆ ಮಾಡೋಣ ಅಂತ ಸೀಟೆಲ್ಲ ಕಿತ್ತು ಖಾಲಿ ಮಾಡಿದ್ದ ಟಿಟಿ, ಅಂದರೆ ಟೆಂಪೊ ಟ್ರಾವೆಲರ್ ವ್ಯಾನಿನೊಳಗೆ ಕೂತು ಮೇಲಿನ ತಗಡಿಗೆ ಟೆಂಪರೇಚರ್ ಗನ್ ಹಿಡಿದೆ. 63 ಅಂತ ತೋರಿಸಿತು. ನಂಬಿಕೆ ಬರದೆ ಕೈ ಇಟ್ಟು ನೋಡಿದೆ. ಗನ್ ಹೇಳಿದ್ದು ನಿಜವೇ.

ಗಾಡಿಯನ್ನು ಮನೆ ಮಾಡುವ ಬಗ್ಗೆ ಅಲ್ಲಿಯವರೆಗೆ ನಾನು ನೋಡಿದ್ದ ವಿಡಿಯೊಗಳೆಲ್ಲ ಹೊರದೇಶದವು. ಅವರಿಗೆ ಚಳಿಯದೇ ಚಿಂತೆ. ಡೀಸೆಲ್ ಹೀಟರ್ ಎಲ್ಲಿ ಕೂರಿಸಬೇಕು, ಗಾಜಿಗೆ ಒಳಗಿನಿಂದ ಹನಿ ಕಟ್ಟದಂತೆ ಏನು ಮಾಡಬೇಕು, ಬರೀ ಇದೇ ಮಾತು. ನಾನೂ ಮಂಚ ಎಲ್ಲಿ, ಸಿಂಕ್ ಎಲ್ಲಿ, ಕಪಾಟು ಎಲ್ಲಿ ಅಂತ ಒಂದು ನೋಟ್‌ಬುಕ್ ತುಂಬ ಗೀಚಿಟ್ಟಿದ್ದೆ. ಅವತ್ತು ಅವ್ವ ಮಜ್ಜಿಗೆ ಕೊಡೋಕೆ ಬಂದವಳು ಬಾಗಿಲಲ್ಲೇ ನಿಂತು ಇಣುಕಿದಳು. "ಇದ್ರಾಗ ಹೆಂಗ್ ಮಲಗ್ತಿಯೋ ತಮ್ಮಾ? ರೊಟ್ಟಿ ಹೆಂಚು ಇದ್ದಂಗೈತೆ" ಅಂದಳು. ಹೋಗುವಾಗ, "ನಿಮ್ಮಜ್ಜಿ ಮಾಳಿಗಿ ಮನ್ಯಾಗ ಫ್ಯಾನೇ ಇರ್ಲಿಲ್ಲ ನೋಡು" ಅಂತ ಸೇರಿಸಿದಳು.

ಅಜ್ಜಿ ಮನೆ ಸಿರುಗುಪ್ಪದ ಕಡೆ. ಮಣ್ಣಿನ ಮಾಳಿಗೆ, ಮೊಳದಷ್ಟು ದಪ್ಪ. ಅಡುಗೆಮನೆಯ ನಡುವೆ, ಮೇಲೆ ಒಂದು ಬೆಳಕಿಂಡಿ. ಒಲೆಯ ಹೊಗೆ, ಒಳಗಿನ ಝಳ ಎಲ್ಲ ಅದರಿಂದ ಮೇಲಕ್ಕೆ ಹೋಗುತ್ತಿತ್ತು, ಕೆಳಗೆ ಹಿತ್ತಲ ಬಾಗಿಲಿನಿಂದ ತಂಪು ಗಾಳಿ ಒಳಗೆ ಬರುತ್ತಿತ್ತು. ನೋಟ್‌ಬುಕ್ ಪಕ್ಕಕ್ಕಿಟ್ಟೆ. ಮೊದಲು ಟಾಪ್ ದಪ್ಪ ಮಾಡಬೇಕು, ಆಮೇಲೆ ಬೆಳಕಿಂಡಿ. ಮಂಚ, ಕಪಾಟು ಹೇಗೂ ಆಗುತ್ತವೆ.

ಗಾಡಿ ಬಗ್ಗೆ ಎರಡು ಮಾತು. 2013ರ ಮಾಡೆಲ್, ಸೆಕೆಂಡ್ ಹ್ಯಾಂಡ್, ಟೂರಿಸ್ಟ್ ಬೋರ್ಡ್‌ನಲ್ಲಿ ಓಡಿದ್ದು. ದುಡ್ಡು ಕೊಡುವ ಮೊದಲೇ ನಾನು ಆರ್‌ಟಿಒ ಕಚೇರಿಗೆ ಹೋಗಿ ಕೂತೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಬರೆದಿರುವ ವಿವರ ಬದಲಾಗುವಂಥ ಮಾರ್ಪಾಡನ್ನು ನಮ್ಮಷ್ಟಕ್ಕೆ ನಾವೇ ಮಾಡುವ ಹಾಗಿಲ್ಲ. ಸೀಟು ಕಡಿಮೆ ಮಾಡಿದರೂ ಆರ್‌ಸಿಯಲ್ಲಿ ಬರೆಸಬೇಕು. ಇನ್ಶೂರೆನ್ಸ್‌ನವರಿಗೂ ತಿಳಿಸಬೇಕು, ಇಲ್ಲಾಂದ್ರೆ ನಾಳೆ ಏನಾದ್ರೂ ಆದಾಗ ಕ್ಲೇಮ್ ನಿಲ್ಲುತ್ತದೆ. ಈ ಓಡಾಟ ಬೇಜಾರಿನ ಕೆಲಸವೇ, ಆದರೆ ಗಾಡಿ ಕೊಯ್ದ ಮೇಲೆ ಓಡಾಡುವುದು ಅದಕ್ಕಿಂತ ಬೇಜಾರು. ಗಾಡಿಯ ತಗಡಿಗೆ ಹೊಸ ತೂತು ಕೊರೆಯದೆ, ಒಳಗಿನ ಸಾಮಾನೆಲ್ಲ ಬೋಲ್ಟ್ ಬಿಚ್ಚಿದರೆ ಹೊರಗೆ ಬರುವ ಹಾಗೆ ಮಾಡಬೇಕು ಅಂತ ಅವತ್ತೇ ತೀರ್ಮಾನಿಸಿದೆ.

ಟಾಪ್‌ಗೆ ಮೊದಲು ಥರ್ಮಾಕೋಲ್ ಹಾಕಿದೆ. ಅಗ್ಗ, ಹಗುರ, ಎಲ್ಲ ಕಡೆ ಸಿಗುತ್ತದೆ. ರಬ್ಬರ್ ಗಮ್ ಹಚ್ಚಿ ಸಂಜೆ ಅಂಟಿಸಿ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಗಮ್ ಹಚ್ಚಿದ ಕಡೆಯೆಲ್ಲ ಥರ್ಮಾಕೋಲ್ ಕರಗಿ, ಜೇಡರ ಬಲೆ ಹಾಗೆ ಜೋತಾಡುತ್ತಿತ್ತು. ಆ ಗಮ್‌ನಲ್ಲಿರುವ ಥಿನ್ನರ್ ಥರ್ಮಾಕೋಲನ್ನು ತಿಂದುಬಿಡುತ್ತದೆ. ಗೊತ್ತಿರಲಿಲ್ಲ. ಕರಗದೆ ಉಳಿದಿದ್ದ ತುಂಡುಗಳು ಗಾಡಿ ಅಲ್ಲಾಡಿದಾಗಲೆಲ್ಲ ಕಿರ್ ಕಿರ್ ಅಂದವು. ಎಲ್ಲ ಕೆರೆದು ತೆಗೆಯೋಕೆ ಎರಡು ದಿನ ಹಿಡಿಯಿತು.

ಎರಡನೇ ಸಲ ಎಸಿ ಪೈಪಿಗೆ ಸುತ್ತುತ್ತಾರಲ್ಲ, ಆ ಕಪ್ಪು ನೈಟ್ರೈಲ್ ರಬ್ಬರ್ ಫೋಮ್ ತಂದೆ. 19 ಎಂಎಂ ದಪ್ಪದ್ದು, ಟಾಪ್‌ಗೆ ಎರಡು ಪದರ, ಗೋಡೆಗೆ ಒಂದು. ಇದು ನೀರು ಹೀರುವುದಿಲ್ಲ, ಉಬ್ಬುತಗ್ಗಿಗೆ ಸರಿಯಾಗಿ ಮಡಚಿಕೊಂಡು ಕೂರುತ್ತದೆ. ಅದರ ಕೆಳಗೆ ಅಲ್ಯೂಮಿನಿಯಂ ಫಾಯಿಲ್ ಶೀಟ್, ಅದರ ಕೆಳಗೆ ಒಂದು ಬೆರಳಷ್ಟು ಗಾಳಿಯ ಜಾಗ ಬಿಟ್ಟು ತೆಳು ಪ್ಲೈವುಡ್. ಈ ಗಾಳಿಯ ಜಾಗ ಮರೆಯಬೇಡಿ. ಫಾಯಿಲ್ ಬೇರೊಂದು ವಸ್ತುವಿಗೆ ಅಂಟಿಕೊಂಡಿದ್ದರೆ ಶಾಖ ನೇರವಾಗಿ ದಾಟಿಬಿಡುತ್ತದೆ. ಎದುರಿಗೆ ಗಾಳಿ ಇದ್ದರೆ ಮಾತ್ರ ಅದು ತನ್ನ ಕೆಲಸ ಮಾಡುತ್ತದೆ.

ಮೇಲೆ ಎರಡು ಸೋಲಾರ್ ಪ್ಯಾನೆಲ್, ಒಂದೊಂದು 165 ವಾಟ್. ಟಾಪ್‌ಗೆ ಅಂಟಿಸದೆ ಎರಡು ಇಂಚು ಎತ್ತರದ ಬ್ರ್ಯಾಕೆಟ್ ಮೇಲೆ ಕೂರಿಸಿದೆ. ಇದರಿಂದ ಎರಡು ಲಾಭ. ಪ್ಯಾನೆಲ್ಲೇ ಟಾಪ್‌ಗೆ ಚಪ್ಪರ ಆಯ್ತು. ಪ್ಯಾನೆಲ್‌ಗೂ ಕೆಳಗಿನಿಂದ ಗಾಳಿ ಆಡುತ್ತದೆ. ಬಿಸಿಲು ಜಾಸ್ತಿ ಇದ್ದರೆ ಕರೆಂಟೂ ಜಾಸ್ತಿ ಅಂತ ನಮ್ಮಲ್ಲಿ ಎಲ್ಲರೂ ಅಂದುಕೊಂಡಿದ್ದಾರೆ. ಪ್ಯಾನೆಲ್‌ಗೆ ಬೆಳಕು ಬೇಕು, ಬಿಸಿ ಬೇಡ. ಅದರ ಮೇಲೆ ಬರೆದಿರುವ ವಾಟ್ 25 ಡಿಗ್ರಿಯ ಲೆಕ್ಕ. ಅಲ್ಲಿಂದ ಮೇಲೆ ಒಂದೊಂದು ಡಿಗ್ರಿಗೂ ಸುಮಾರು 0.4 ಶೇಕಡಾ ಕಡಿಮೆಯಾಗುತ್ತ ಹೋಗುತ್ತದೆ. ನಮ್ಮ ಬೇಸಿಗೆಯಲ್ಲಿ ಪ್ಯಾನೆಲ್ 65 ಡಿಗ್ರಿಗೆ ಏರಿದರೆ 16 ಶೇಕಡಾ ಹೋಯ್ತು ಅಂತಲೇ ಲೆಕ್ಕ.

ಇನ್ನು ಬೆಳಕಿಂಡಿ. ಹಿಂದಿನ ಮಾಲೀಕರು ಟಾಪ್ ಮೇಲಿದ್ದ ಹಳೆ ಎಸಿ ಕಿತ್ತು, ಆ ಕಿಂಡಿಗೆ ತಗಡು ಇಟ್ಟು ಎಂ-ಸೀಲ್ ಮೆತ್ತಿದ್ದರು. ನನಗೆ ಅದೇ ಸಿಕ್ಕಿದ ಭಾಗ್ಯ. ತಗಡು ತೆಗೆದು ಗುಜರಿಯಿಂದ ತಂದ ಕಾರಿನ ರೇಡಿಯೇಟರ್ ಫ್ಯಾನ್ ಕೂರಿಸಿದೆ. ಹಾಕಿದ ಮೊದಲ ರಾತ್ರಿಯೇ ನನ್ನಾಕೆ ಕೆಳಗಿಳಿದು ಮನೆಗೆ ಹೋಗಿ ಮಲಗಿದಳು. ಸದ್ದು ಹಾಗಿತ್ತು, ಮೇಲಾಗಿ 8 ಆಂಪಿಯರ್ ಎಳೆಯುತ್ತಿತ್ತು. ಅದನ್ನು ತೆಗೆದು ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ ಮೋಟರಿನ 12 ವೋಲ್ಟಿನ ಎಕ್ಸಾಸ್ಟ್ ಫ್ಯಾನ್ ಹಾಕಿದೆ. 25 ವಾಟ್, ಅಂದರೆ 2 ಆಂಪಿಯರ್ ಅಷ್ಟೇ. ಉಲ್ಟಾ ತಿರುಗಿಸುವ ಸ್ವಿಚ್ಚೂ ಇದೆ. ಮೇಲೆ ಗಾಳಿ ಹೋದರೆ ಸಾಲದು, ಕೆಳಗಿನಿಂದ ಬರಲೂ ಬೇಕು. ಅದಕ್ಕೆ ನೆರಳಿರುವ ಪಕ್ಕದ ಒಂದೇ ಕಿಟಕಿ ನಾಲ್ಕು ಬೆರಳು ತೆಗೆದು ಉಳಿದವನ್ನೆಲ್ಲ ಮುಚ್ಚುತ್ತೇನೆ. ಎಲ್ಲ ಕಿಟಕಿ ತೆಗೆದರೆ ಗಾಳಿ ಹತ್ತಿರದ ದಾರಿ ಹಿಡಿದು ಹೊರಗೆ ಹೋಗುತ್ತದೆ, ಮಲಗಿದವರ ಮೈಮೇಲೆ ಹಾಯುವುದಿಲ್ಲ.

ಮುಂದಿನ ಬೇಸಿಗೆಯಲ್ಲಿ ಅದೇ ಜಾಗ, ಅದೇ ಹೊತ್ತು, ಅದೇ ಗನ್. ಒಳಗಿನ ಪ್ಲೈವುಡ್ 43.

ಆ ಉಲ್ಟಾ ಸ್ವಿಚ್ ಸಂಡೂರು ದಾರಿಯಲ್ಲಿ ಉಪಯೋಗಕ್ಕೆ ಬಂತು. ಅದಿರಿನ ಕೆಂಪು ಧೂಳು ಎಂಥ ಸಂದಿಯಲ್ಲೂ ನುಗ್ಗುತ್ತದೆ. ಮೊದಲ ಸಲ ಹೋಗಿ ಬಂದಾಗ ದಿಂಬಿನ ಕವರ್ ಕುಂಕುಮದಲ್ಲಿ ಅದ್ದಿದ ಹಾಗಿತ್ತು. ಬಾಗಿಲಿಗೆ ಹೊಸ ರಬ್ಬರ್ ಬೀಡಿಂಗ್ ಹಾಕಿಸಿದೆ, ಪೂರ್ತಿ ನಿಲ್ಲಲಿಲ್ಲ. ಈಗ ಆ ದಾರಿಯಲ್ಲಿ ಫ್ಯಾನಿಗೆ ಫಿಲ್ಟರ್ ಬಟ್ಟೆ ಕಟ್ಟಿ ಗಾಳಿಯನ್ನು ಒಳಕ್ಕೆ ತಳ್ಳಿಸುತ್ತೇನೆ. ಒಳಗೆ ಒತ್ತಡ ಸ್ವಲ್ಪ ಜಾಸ್ತಿ ಇರುತ್ತದಲ್ಲ, ಸಂದಿಗಳಿಂದ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಧೂಳು ಒಳಗೆ ಬರುವುದಿಲ್ಲ.

ಕರೆಂಟಿನ ವಿಷಯದಲ್ಲಿ ನಾನು ಜಾಸ್ತಿ ಪೆಟ್ಟು ತಿಂದೆ. ನನ್ನದು 12.8 ವೋಲ್ಟ್, 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಮನೆಯ ಕರೆಂಟ್ ಬಿಲ್ ಲೆಕ್ಕದಲ್ಲಿ ಒಂದೂಕಾಲು ಯೂನಿಟ್. ಕಂಪ್ರೆಸರ್ ಇರುವ ಸಣ್ಣ ಫ್ರಿಜ್ ದಿನಕ್ಕೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಮೇಲೆ, ಎರಡು ಫ್ಯಾನ್ ರಾತ್ರಿಯಿಡೀ ಓಡಿದರೆ ಅರ್ಧದ ಹತ್ತಿರ, ಲೈಟು ಮೊಬೈಲು ಚಿಲ್ಲರೆ. ಅಲ್ಲಿಗೆ ಸರಿಹೋಯ್ತು. ಇಂಡಕ್ಷನ್ ಒಲೆ ಇಡಿ ಅಂತ ಒಬ್ಬರು ಹೇಳಿದರು. 1500 ವಾಟಿನ ಒಲೆಗೆ ಇನ್ವರ್ಟರ್ ನಷ್ಟ ಸೇರಿ ಬ್ಯಾಟರಿಯಿಂದ 130 ಆಂಪಿಯರ್ ಬೇಕು. ನನ್ನ ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್, ಅಂದರೆ ಬಿಎಂಎಸ್, 100ಕ್ಕೇ ಕೈ ಎತ್ತುತ್ತದೆ. ಹಾಗಾಗಿ 5 ಕೆಜಿಯ ಗ್ಯಾಸ್ ಸಿಲಿಂಡರ್. ಅದನ್ನು ಬೆಲ್ಟ್ ಹಾಕಿ ಬಿಗಿದಿದ್ದೇನೆ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಅದಕ್ಕೆ ಸಿಲಿಂಡರ್ ಪೆಟ್ಟಿಗೆಯನ್ನು ಫ್ಲೋರ್‌ನಲ್ಲಿ ಮೊದಲೇ ಇದ್ದ ತೂತಿನ ಮೇಲೆ ಕೂರಿಸಿದೆ.

ಫ್ರಿಜ್ ತಂದ ವಾರ ನಿದ್ದೆಯೇ ಇಲ್ಲ. ಆನ್ ಮಾಡಿದರೆ ಕಂಪ್ರೆಸರ್ ಗುಂಯ್ ಅನ್ನುತ್ತದೆ, ಟಕ್ ಅಂತ ನಿಲ್ಲುತ್ತದೆ, ಕೆಂಪು ದೀಪ ಮಿನುಗುತ್ತದೆ. ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿ ಚೆನ್ನಾಗಿ ಓಡಿತು. ಗಾಡಿಗೆ ತಂದೆ, ಮತ್ತೆ ಟಕ್. ಕೊನೆಗೆ ಕೌಲ್ ಬಜಾರ್‌ನಲ್ಲಿ ಆಟೊ ಎಲೆಕ್ಟ್ರಿಷಿಯನ್ ಒಬ್ಬರು ಬಂದು ಮೀಟರ್ ಹಿಡಿದರು. ಬ್ಯಾಟರಿ ಹತ್ತಿರ 13 ವೋಲ್ಟ್. ಫ್ರಿಜ್ ಹತ್ತಿರ, ಕಂಪ್ರೆಸರ್ ಏಳುವ ಕ್ಷಣದಲ್ಲಿ, 11. ನಾನು ಎಳೆದಿದ್ದ ವೈರನ್ನು ಎರಡು ಬೆರಳಲ್ಲಿ ಹಿಡಿದು ನಕ್ಕರು. "ಸರ್, ಫ್ರಿಜ್ ಚಲೋ ಐತೆ. ನೀವು ಮಾಡಿರೋ ಕಾಲುವಿನೇ ಸಣ್ಣದು."

ಮನೆ ವೈರಿಂಗ್ ಮಾಡಿಸಿದಾಗ ಉಳಿದಿದ್ದ 1 ಸ್ಕ್ವೇರ್ ಎಂಎಂ ವೈರ್ ಅದು. ಬ್ಯಾಟರಿಯಿಂದ ಫ್ರಿಜ್‌ಗೆ 6 ಮೀಟರ್, ಹೋಗಿ ಬರುವ ದಾರಿ 12 ಮೀಟರ್. ಇಷ್ಟುದ್ದಕ್ಕೆ 5 ಆಂಪಿಯರ್ ಹರಿದರೆ ದಾರಿಯಲ್ಲೇ ಒಂದು ವೋಲ್ಟ್ ಸೋರುತ್ತದೆ, ಕಂಪ್ರೆಸರ್ ಏಳುವಾಗ ಎರಡು. ಮನೆಯ 230 ವೋಲ್ಟ್‌ನಲ್ಲಿ ಒಂದು ಹೋದರೆ ಯಾರಿಗೂ ಗೊತ್ತಾಗಲ್ಲ. 12ರಲ್ಲಿ ಒಂದು ಹೋದರೆ ಹನ್ನೆರಡಾಣೆಯಲ್ಲಿ ಒಂದಾಣೆ ಹೋದ ಹಾಗೆ. ಬ್ಯಾಟರಿ ಖಾಲಿಯಾಯ್ತು ಅಂತ ತಿಳಿದು ಫ್ರಿಜ್ ತನ್ನಷ್ಟಕ್ಕೆ ತಾನೇ ನಿಲ್ಲುತ್ತಿತ್ತು. 4 ಸ್ಕ್ವೇರ್ ಎಂಎಂ ವೈರ್ ಎಳೆದ ಮೇಲೆ ಸೋರಿಕೆ 0.3 ವೋಲ್ಟ್‌ಗೆ ಇಳಿಯಿತು. ಅವತ್ತಿನಿಂದ ಇವತ್ತಿನವರೆಗೆ ಫ್ರಿಜ್ ತಕರಾರು ಮಾಡಿಲ್ಲ. ಅವರು ಹೇಳಿದ ಇನ್ನೊಂದು ಮಾತನ್ನೂ ಪಾಲಿಸಿದ್ದೇನೆ. ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ ಮೇನ್ ಫ್ಯೂಸ್ ಇರಬೇಕು. ಫ್ಯೂಸ್ ದೂರ ಇಟ್ಟರೆ, ಅಲ್ಲಿಯವರೆಗಿನ ವೈರ್ ಗಾಡಿಯ ತಗಡಿಗೆ ತಾಗಿ ಹೊತ್ತಿಕೊಂಡರೆ ಕೇಳುವವರಿಲ್ಲ.

ಬ್ಯಾಟರಿಯೂ ಒಮ್ಮೆ ಮುನಿಸಿಕೊಂಡಿತು. ಅದನ್ನು ಪಕ್ಕದ ಬೆಂಚಿನ ಕೆಳಗೆ, ಮುಚ್ಚಿದ ಪೆಟ್ಟಿಗೆಯಲ್ಲಿ, ಗಾಡಿಯ ತಗಡಿಗೆ ಒತ್ತಿ ಇಟ್ಟಿದ್ದೆ. ಗಾಡಿ ನಿಲ್ಲಿಸುವಾಗ ಆ ಪಕ್ಕ ಪಡುವಣಕ್ಕೆ ಬರುತ್ತಿತ್ತು. ಒಂದು ಮಧ್ಯಾಹ್ನ ಚಾರ್ಜಿಂಗ್ ಸೊನ್ನೆ. ಮೊಬೈಲ್ ಆ್ಯಪ್ ತೆಗೆದು ನೋಡಿದರೆ ಬ್ಯಾಟರಿ 57 ಡಿಗ್ರಿ, ಬಿಎಂಎಸ್ ಚಾರ್ಜಿಂಗ್ ನಿಲ್ಲಿಸಿದೆ. ಕೆಟ್ಟಿದ್ದಲ್ಲ, ತನ್ನನ್ನು ತಾನೇ ಕಾಪಾಡಿಕೊಂಡಿದ್ದು. ಪೆಟ್ಟಿಗೆಯನ್ನು ಗಾಡಿಯ ನಡುವಿಗೆ ತಂದು, ಎರಡು ಕಡೆ ಕಿಂಡಿ ಕೊರೆದು, ಕಂಪ್ಯೂಟರ್‌ನ ಒಂದು ಸಣ್ಣ ಫ್ಯಾನ್ ಹಾಕಿದೆ.

ಎಸಿ ಹಾಕಲಿಲ್ಲ. ಹಾಕಿದರೆ ಈ ಬ್ಯಾಟರಿ ಎರಡು ಗಂಟೆಗೆ ಮುಗಿಯುತ್ತದೆ. ಬದಲಿಗೆ ಸಣ್ಣ ಕೂಲರ್ ಕಟ್ಟಿದೆ. ಒಂದು ಜೇನುಗೂಡು ಪ್ಯಾಡ್, 12 ವೋಲ್ಟಿನ ಪುಟ್ಟ ಪಂಪ್, ಒಂದು ಫ್ಯಾನ್, ಒಂದು ಪ್ಲಾಸ್ಟಿಕ್ ಡಬ್ಬ. ಒಟ್ಟು 30 ವಾಟ್. ಒಂದು ಲೀಟರ್ ನೀರು ಆವಿಯಾಗಬೇಕಾದರೆ ಸುಮಾರು 0.67 ಯೂನಿಟ್‌ನಷ್ಟು ಶಾಖವನ್ನು ಗಾಳಿಯಿಂದ ಎಳೆದುಕೊಳ್ಳುತ್ತದೆ. ಅಂದರೆ ನನ್ನ ಬ್ಯಾಟರಿಯ ಅರ್ಧದಷ್ಟು ಕೆಲಸ ಒಂದು ಲೀಟರ್ ನೀರಿನಲ್ಲೇ ಇದೆ. ಬಳ್ಳಾರಿ, ರಾಯಚೂರಿನ ಏಪ್ರಿಲ್‌ನ ಒಣ ಗಾಳಿಗೆ ಇದು ಹೇಳಿ ಮಾಡಿಸಿದ ಹಾಗೆ. ಅದೇ ಕೂಲರ್ ತೆಗೆದುಕೊಂಡು ಗೋಕರ್ಣಕ್ಕೆ ಹೋದಾಗ ಹಾಸಿಗೆ ಒದ್ದೆಯಾಯ್ತು, ತಂಪು ಮಾತ್ರ ಆಗಲಿಲ್ಲ.

ಮರದ ಕೆಲಸದಲ್ಲಿ ಒಂದೇ ತಪ್ಪು ಮಾಡಿದೆ. ಮನೆ ಕಪಾಟಿನ ಹಾಗೆ 18 ಎಂಎಂ ಪ್ಲೈವುಡ್ ತಂದುಬಿಟ್ಟೆ. ನಾಲ್ಕು ಹಾಳೆ ಒಳಗೆ ಹೋಗುವಷ್ಟರಲ್ಲಿ ಹಿಂದಿನ ಸ್ಪ್ರಿಂಗ್ ಪಟ್ಟಿ ಕೂತಿದ್ದು ಕಣ್ಣಿಗೇ ಕಾಣುತ್ತಿತ್ತು. ಈಗ ಅಲ್ಯೂಮಿನಿಯಂ ಸೆಕ್ಷನ್ ಚೌಕಟ್ಟು, ಅದಕ್ಕೆ 9 ಎಂಎಂ ಹಲಗೆ. 60 ಲೀಟರ್ ನೀರಿನ ಟ್ಯಾಂಕ್ ಅಂದರೆ 60 ಕೆಜಿ. ಅದನ್ನು ಹಿಂದಿನ ತುದಿಗೆ ಇಡದೆ ಆ್ಯಕ್ಸಲ್‌ಗೆ ಹತ್ತಿರ ಇಟ್ಟಿದ್ದೇನೆ.

ಕುಶನ್, ಪರದೆ ಎಲ್ಲ ಜೀನ್ಸ್ ಬಟ್ಟೆಯದು. ಬಳ್ಳಾರಿಯಲ್ಲಿದ್ದು ಬೇರೆ ಬಟ್ಟೆ ಯಾಕೆ? ಪ್ಯಾಂಟ್ ಹೊಲಿಯುವ ಅಣ್ಣನೊಬ್ಬನಿಗೆ ಅಳತೆ ಕೊಟ್ಟೆ. ಒಂದು ಸಂಜೆಯಲ್ಲಿ ಡಬಲ್ ಹೊಲಿಗೆ ಹಾಕಿ, ಕೇಳದೇ ಇದ್ದರೂ ಪ್ರತಿ ಪರದೆಗೆ ಎರಡೆರಡು ಜೇಬು ಇಟ್ಟುಕೊಟ್ಟ. ಇಡೀ ಗಾಡಿಯಲ್ಲಿ ಜನ ಮೆಚ್ಚುವುದು ಆ ಜೇಬುಗಳನ್ನೇ. ಟಾರ್ಚ್, ಕನ್ನಡಕ, ಸೊಳ್ಳೆ ಬ್ಯಾಟು ಎಲ್ಲ ಅಲ್ಲೇ. ಗಾಡಿ ಬಿಟ್ಟು ಒಟ್ಟು ಖರ್ಚು ಎರಡೂವರೆ ಲಕ್ಷದ ಹತ್ತಿರ. ಅದರಲ್ಲಿ ಥರ್ಮಾಕೋಲ್, ರೇಡಿಯೇಟರ್ ಫ್ಯಾನ್, ದಪ್ಪ ಪ್ಲೈವುಡ್ ಅಂತ ನನ್ನ ಪೆದ್ದತನಕ್ಕೆ ಹೋಗಿದ್ದೇ ಇಪ್ಪತ್ತೈದು ಸಾವಿರ.

ಮೊದಲ ದೊಡ್ಡ ಪಯಣ ಮುದಗಲ್ಲಿನ ಕೋಟೆಗೆ. ಸಿರುಗುಪ್ಪ, ಸಿಂಧನೂರು, ಮಸ್ಕಿ ದಾರಿ. ಅವ್ವನೂ ಬಂದಳು. ಸಿಂಧನೂರಿನಲ್ಲಿ ಒಗ್ಗರಣೆ ಮಿರ್ಚಿ ಕಟ್ಟಿಸಿಕೊಂಡು, ಊರಾಚೆ ಒಂದು ಪೆಟ್ರೋಲ್ ಬಂಕ್‌ನವರನ್ನು ಕೇಳಿ ಅವರ ಅಂಗಳದಲ್ಲೇ ಗಾಡಿ ನಿಲ್ಲಿಸಿದೆವು. ಎರಡೂ ಕಡೆ ಕಾಲುವೆ ನೀರಿನ ಭತ್ತದ ಗದ್ದೆ. ಅಲ್ಲಿ ಗೊತ್ತಾಯ್ತು, ಕಿಟಕಿಗೆ ಸೊಳ್ಳೆ ಪರದೆ ಹಾಕಿದ್ದೆ, ಬೆಳಕಿಂಡಿಗೆ ಹಾಕಿರಲಿಲ್ಲ. ರಾತ್ರಿಯಿಡೀ ಅವ್ವ ಬ್ಯಾಟು ಬೀಸಿದಳು. ಪಟ್ ಪಟ್ ಸದ್ದಿಗೆ ಯಾರಿಗೂ ನಿದ್ದೆ ಇಲ್ಲ. ಬೆಳಿಗ್ಗೆ "ಗಾಳಿ ಮಾತ್ರ ಚಲೋ ಬಂತಪ್ಪ" ಅಂದಳು.

ಜೂನ್‌ನ ಮೊದಲ ಮಳೆಗೆ ಅದೇ ಬೆಳಕಿಂಡಿಯ ಮೂಲೆಯಿಂದ ಹನಿ ಹನಿ ನೀರು ಹಾಸಿಗೆ ಮೇಲೆ ಬಿತ್ತು. ಹಳೆ ಎಂ-ಸೀಲ್ ಪೂರ್ತಿ ಕೆರೆಯದೆ ಅದರ ಮೇಲೇ ಸೀಲೆಂಟ್ ಹಚ್ಚಿದ್ದೆ, ಅದು ಬಿಟ್ಟುಕೊಂಡಿತ್ತು. ಅಜ್ಜಿ ಮನೆಯಲ್ಲೂ ಮೋಡ ಕಟ್ಟಿದರೆ ಸಾಕು, ಬೆಳಕಿಂಡಿಗೆ ಬಂಡೆ ಮುಚ್ಚೋಕೆ ಮಕ್ಕಳನ್ನೇ ಮಾಳಿಗೆ ಹತ್ತಿಸುತ್ತಿದ್ದರು. ಈ ಭಾನುವಾರ ಮತ್ತೆ ಟಾಪ್ ಹತ್ತಬೇಕು. ಕೆರೆಯುವ ಉಳಿ, ಥಿನ್ನರ್, ಪಾಲಿಯುರೆಥೇನ್ ಸೀಲೆಂಟ್ ತಂದು ಪರದೆಯ ಜೇಬಿನಲ್ಲಿ ಇಟ್ಟಿದ್ದೇನೆ.