ನ್ಯೂಯಾರ್ಕ್ ಅತಿಥಿಗಳಿಗೆ, ಬೀಕನ್ ನಮಗೆ

ಪ್ರತಿ ವರ್ಷ ನಾಗರ ಪಂಚಮಿಯ ಹೊತ್ತಿಗೆ ನಾನು ಕಲಬುರಗಿಯಲ್ಲಿರುತ್ತೇನೆ. ಶೇಂಗಾ ಉಂಡೆ, ಜೋಳದ ಅಳ್ಳು, ಜೋಕಾಲಿ ಎಲ್ಲ ನೆಪ. ನ್ಯೂಜೆರ್ಸಿಯಲ್ಲಿ ಮಗಳ ಶಾಲೆಗೆ ಆಗ ರಜೆ, ಅಷ್ಟೇ. ಇಲ್ಲಿಯ ಮಕ್ಕಳು ಓದಲು, ದುಡಿಯಲು ಅಮೆರಿಕಕ್ಕೆ ಹೊರಡುವ ಹಂಗಾಮೂ ಅದೇ. ಹೀಗಾಗಿ ಬ್ರಹ್ಮಪುರದ ನಮ್ಮ ಮನೆಯ ಕಟ್ಟೆ ಸಂಜೆಯಾದರೆ ವಿಚಾರಣಾ ಕೇಂದ್ರವಾಗುತ್ತದೆ. ಈ ಸಲ ಬಂದವರು ನಾಲ್ವರು: ನೆವಾರ್ಕಿಗೆ ಹೊರಟ ಬೀದರಿನ ಹುಡುಗ, ರಟ್ಗರ್ಸ್ ವಿಶ್ವವಿದ್ಯಾಲಯ ಸೇರಲಿರುವ ಸುರಪುರದ ಹುಡುಗಿ, ಎಡಿಸನ್ನಿಗೆ ವರ್ಗವಾದ ನಮ್ಮ ಓಣಿಯ ಗಂಡ ಹೆಂಡತಿ.

ಕುಕ್ಕರ್ ಒಯ್ಯಬೇಕೇ, ಜೋಳದ ಹಿಟ್ಟು ಅಲ್ಲಿ ಸಿಗುತ್ತದೆಯೇ, ಎಷ್ಟು ದಪ್ಪದ ಕೋಟು ಬೇಕು ಎಂದೆಲ್ಲ ಕೇಳಿದರು. ಹೇಳಿದೆ. ಕೊನೆಗೆ ನಾನೇ ಒಂದು ಪ್ರಶ್ನೆ ಹಾಕಿದೆ: "ಭಾನುವಾರ ಏನು ಮಾಡುತ್ತೀರಿ?" ಯಾರ ಬಳಿಯೂ ಉತ್ತರವಿರಲಿಲ್ಲ. 2003ರಲ್ಲಿ ನನ್ನ ಬಳಿಯೂ ಇರಲಿಲ್ಲ. ಮೊದಲ ಚಳಿಗಾಲದ ಭಾನುವಾರಗಳಲ್ಲಿ ಬಟ್ಟೆ ಒಗೆಯುವ ಯಂತ್ರದ ಮುಂದೆ ಕುಳಿತು ಅದು ತಿರುಗುವುದನ್ನೇ ನೋಡುತ್ತಿದ್ದೆ. ಈ ಬರಹ ಆ ಭಾನುವಾರಗಳಿಗಾಗಿ.

ಹೊಸದಾಗಿ ಬಂದವರನ್ನು ಎಲ್ಲರೂ ನ್ಯೂಯಾರ್ಕ್ ನಗರಕ್ಕೆ ಕರೆದೊಯ್ಯುತ್ತಾರೆ. ಹೋಗಿ ಬನ್ನಿ. ಆದರೆ ಆ ದೊಡ್ಡ ಮ್ಯೂಸಿಯಂಗಳು ಊರಿನಿಂದ ಬಂದ ಅತಿಥಿಗಳಿಗೆ ತೋರಿಸುವ ಜಾಗಗಳು ಎಂಬುದು ನನ್ನ ಅಭಿಪ್ರಾಯ. ಸಾಲು, ನೂಕು, ಕಾಲುನೋವು, ಮೂರು ತಾಸಿನಲ್ಲಿ ಐದು ಸಾವಿರ ವರ್ಷ. ಅಲ್ಲೇ ಬಾಳುವವನಿಗೆ ಮತ್ತೆ ಮತ್ತೆ ಹೋಗಿ ರೂಢಿ ಮಾಡಿಕೊಳ್ಳುವಂಥ ಜಾಗ ಬೇಕು. ಅಂಥವು ನಗರದ ಹೊರಗೆ, ರೈಲು ಮುಟ್ಟುವ ಸಣ್ಣ ಊರುಗಳಲ್ಲಿವೆ.

ಮೆಟ್ರೊಪಾಲಿಟನ್ ಮ್ಯೂಸಿಯಂ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಹೊರಗಿನವರಿಗೆ ಅಲ್ಲಿ 30 ಡಾಲರ್. ನ್ಯೂಯಾರ್ಕ್ ರಾಜ್ಯದ ನಿವಾಸಿಗಳು ಮತ್ತು ನ್ಯೂಯಾರ್ಕ್, ನ್ಯೂಜೆರ್ಸಿ, ಕನೆಕ್ಟಿಕಟ್ ರಾಜ್ಯಗಳ ವಿದ್ಯಾರ್ಥಿಗಳು ಮಾತ್ರ ತಮಗೆ ತೋಚಿದಷ್ಟು ಕೊಟ್ಟು ಒಳಗೆ ಹೋಗಬಹುದು. ವಿದ್ಯಾರ್ಥಿಗಳೇ, ಕಾಲೇಜಿನ ಗುರುತಿನ ಚೀಟಿ ಜೇಬಿನಲ್ಲಿರಲಿ. ಒಂದು ಡಾಲರ್ ಕೊಡಲು ನಾಚಿಕೆ ಬೇಡ. 2015ರಲ್ಲಿ ಅಲ್ಲಿ ದಖ್ಖನಿನ ಸುಲ್ತಾನರ ಕಾಲದ ಕಲೆಯ ದೊಡ್ಡ ಪ್ರದರ್ಶನ ನಡೆದಿತ್ತು. ಗಾಜಿನೊಳಗೆ ಕಪ್ಪು ಲೋಹದಲ್ಲಿ ಬೆಳ್ಳಿಯ ಚಿತ್ತಾರ ಕೂಡಿಸಿದ ಬೀದರಿನ ಬಿದ್ರಿ ಪಾತ್ರೆಗಳು, ಪಕ್ಕದ ಚೀಟಿಯಲ್ಲಿ ಬೀದರ್ ಎಂಬ ಹೆಸರು. ಒಬ್ಬ ಅಮೆರಿಕನ್ ಮುದುಕಿ ನನ್ನತ್ತ ತಿರುಗಿ ಈ ಕಪ್ಪು ಹೇಗೆ ಬರುತ್ತದೆ ಎಂದು ಕೇಳಿದಳು. ನೂರು ಹತ್ತು ಕಿಲೋಮೀಟರ್ ಆಚೆ ಹುಟ್ಟಿದ ನನಗೆ ಗೊತ್ತಿರಲಿಲ್ಲ. ಈ ಸಂಗತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ನನ್ನ ಮೆಚ್ಚಿನ ಜಾಗ ಬೀಕನ್. ಹಡ್ಸನ್ ನದಿಯ ದಂಡೆಯ ಸಣ್ಣ ಊರು. ನಗರದಿಂದ ಸುಮಾರು ಬೀದರಿನಿಂದ ಕಲಬುರಗಿಗೆ ಇರುವಷ್ಟೇ ದೂರ. ನ್ಯೂಜೆರ್ಸಿಯ ರೈಲು ನಿಮ್ಮನ್ನು ಪೆನ್ ಸ್ಟೇಷನ್ನಿನಲ್ಲಿ ಇಳಿಸುತ್ತದೆ, ಬೀಕನ್ನಿನ ರೈಲು ಹೊರಡುವುದು ಗ್ರ್ಯಾಂಡ್ ಸೆಂಟ್ರಲ್‌ನಿಂದ. ಇವೆರಡೂ ಬೇರೆ ಬೇರೆ ನಿಲ್ದಾಣಗಳು. ಇದು ತಿಳಿಯದೆ ನಾನು ಮೊದಲ ಸಲ ಪೆನ್ ಸ್ಟೇಷನ್ನಿನಲ್ಲೇ ಮುಕ್ಕಾಲು ತಾಸು ಬೋರ್ಡು ಓದುತ್ತ ನಿಂತಿದ್ದೆ. ನಡುವಿನ ದಾರಿ ನಡೆದರೆ ಇಪ್ಪತ್ತೈದು ನಿಮಿಷ. ಹೋಗುವಾಗ ರೈಲಿನ ಎಡಬದಿಯ ಕಿಟಕಿ ಹಿಡಿಯಿರಿ. ಒಂದೂವರೆ ತಾಸು ನದಿ ನಿಮ್ಮ ಜೊತೆಗೇ ಬರುತ್ತದೆ. ಚಳಿಗಾಲದಲ್ಲಿ ಮಂಜುಗಡ್ಡೆಯ ಹಲಗೆಗಳು ತೇಲುತ್ತಿರುತ್ತವೆ. ಟಿಕೆಟ್ಟಿನ ದುಡ್ಡು ಅಲ್ಲಿಗೇ ವಸೂಲು.

ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯಲ್ಲಿ ಡಿಯಾ ಬೀಕನ್ ಇದೆ. ಬಿಸ್ಕತ್ ಕಂಪನಿಯೊಂದು ತನ್ನ ಪೊಟ್ಟಣಗಳನ್ನು ಅಚ್ಚು ಹಾಕಿಸಲು 1929ರಲ್ಲಿ ಕಟ್ಟಿದ ಕಾರ್ಖಾನೆ ಅದು; 2003ರಲ್ಲಿ ಮ್ಯೂಸಿಯಂ ಆಯಿತು. ಸುಮಾರು ಮೂರು ಲಕ್ಷ ಚದರ ಅಡಿ, ಚಾವಣಿಯ ಗಾಜಿನಿಂದ ಇಳಿಯುವ ಹಗಲಿನ ಬೆಳಕು. 2005ರಲ್ಲಿ ಒಳಗೆ ಹೋದವನಿಗೆ ಸಿಟ್ಟೇ ಬಂತು. ಒಂದು ಕಡೆ ಗೋಡೆಗೆ ಟ್ಯೂಬ್‌ಲೈಟುಗಳು, ಇನ್ನೊಂದು ಕಡೆ ನೆಲದಲ್ಲಿ ಇಪ್ಪತ್ತು ಅಡಿ ಆಳದ ಗುಂಡಿಗಳು, ಮತ್ತೊಂದು ಕಡೆ ತುಕ್ಕು ಹಿಡಿದ ಕಬ್ಬಿಣ. ಡಾಲರನ್ನು ರೂಪಾಯಿಗೆ ಗುಣಿಸಿ ನೋಡುವ ಚಟ ಆಗ ಇನ್ನೂ ಬಿಟ್ಟಿರಲಿಲ್ಲ. ಇಷ್ಟು ದುಡ್ಡಿಗೆ ಶಹಾಬಾದಿನ ಗುಜರಿ ಅಂಗಡಿಯನ್ನೇ ನೋಡಬಹುದಿತ್ತು ಎಂದು ಗೆಳೆಯನ ಬಳಿ ಗೊಣಗಿದೆ.

ಎರಡು ವರ್ಷದ ಮೇಲೆ, ಬೇರೆ ಯಾರಿಗೋ ಜೊತೆಯಾಗಿ ಮತ್ತೆ ಹೋದೆ. ಆ ತುಕ್ಕಿನ ಕಬ್ಬಿಣ ರಿಚರ್ಡ್ ಸೆರಾ ಎಂಬ ಶಿಲ್ಪಿಯದು. ಎರಡಾಳೆತ್ತರದ ಉಕ್ಕಿನ ಹಾಳೆಗಳನ್ನು ದೀರ್ಘವೃತ್ತವಾಗಿ ಬಾಗಿಸಿ, ಮೇಲಕ್ಕೆ ಹೋಗುತ್ತ ತಿರುಚಿ ನಿಲ್ಲಿಸಿದ್ದಾನೆ. ಒಳಗೆ ನಡೆಯಲು ಬಿಡುತ್ತಾರೆ. ಒಂದು ಕಡೆಯ ಗೋಡೆ ಮೈಮೇಲೆ ಬೀಳುವಂತೆ ವಾಲುತ್ತದೆ, ಎರಡು ಹೆಜ್ಜೆ ಇಟ್ಟರೆ ಆಚೆಗೆ ಸರಿಯುತ್ತದೆ. ಮಾತು ಮೆತ್ತಗಾಗುತ್ತದೆ, ಮುಂದೇನಿದೆ ಎಂಬುದು ತಿರುವು ದಾಟುವವರೆಗೆ ಕಾಣದು. ಇದನ್ನು ಎಲ್ಲಿಯೋ ಅನುಭವಿಸಿದ್ದೇನಲ್ಲ ಎನಿಸಿತು. ಏಳನೆಯ ಇಯತ್ತೆಯ ಪ್ರವಾಸದಲ್ಲಿ ಬೀದರ್ ಕೋಟೆಯ ಷರ್ಜಾ ದರ್ವಾಜಾ ದಾಟಿ ಮುಂದಿನ ಬಾಗಿಲಿನ ಕಡೆ ತಿರುಗುವಾಗ, ಎತ್ತರದ ಗೋಡೆಗಳ ನಡುವೆ ಮಾಸ್ತರರ ಧ್ವನಿ ಮಾತ್ರ ಕೇಳಿ ಮಾಸ್ತರರು ಕಾಣದೆ ಹೋದಾಗ ಇದೇ ಅಳುಕು ಬಂದಿತ್ತು. ಅಲ್ಲಿಂದ ಮುಂದೆ ಬೀಕನ್ನಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಇಂಥ ಕಲೆ ಮೊದಲ ಸಲಕ್ಕೆ ಹಿಡಿಸದಿದ್ದರೆ ನಿಮ್ಮ ಬುದ್ಧಿಯನ್ನು ಬೈದುಕೊಳ್ಳಬೇಡಿ, ಅದನ್ನೂ ಬೈಯಬೇಡಿ. ಎರಡು ವರ್ಷ ಬಿಟ್ಟು ನೋಡಿ. ಆ ಟ್ಯೂಬ್‌ಲೈಟುಗಳು ಮಾತ್ರ ನನಗೆ ಇವತ್ತಿಗೂ ಟ್ಯೂಬ್‌ಲೈಟುಗಳೇ.

ಬೀಕನ್ನಿನ ಮುಖ್ಯ ಬೀದಿ ಸುಮಾರು ಒಂದು ಮೈಲಿ. ಅದರುದ್ದಕ್ಕೂ ಸಣ್ಣ ಗ್ಯಾಲರಿಗಳು. ತಿಂಗಳ ಎರಡನೆಯ ಶನಿವಾರ ಸಂಜೆ ಅವು ಹೊತ್ತು ಮೀರಿ ತೆರೆದಿರುತ್ತವೆ, ಕಲಾವಿದರೂ ಬಂದಿರುತ್ತಾರೆ. ನಮ್ಮವರು ಗಾಜಿನ ಬಾಗಿಲ ಹೊರಗೇ ನಿಂತು ಬಗ್ಗಿ ನೋಡಿ ಮುಂದೆ ಹೋಗುವುದನ್ನು ಕಂಡಿದ್ದೇನೆ. ಬಟ್ಟೆ ಅಂಗಡಿಯೊಳಗೆ ಹೋಗಿ ಏನೂ ಕೊಳ್ಳದೆ ಬರುವುದಕ್ಕೆ ನಾವು ಸಂಕೋಚಪಡುವ ಜನ. ಆದರೆ ಗ್ಯಾಲರಿಯ ಲೆಕ್ಕ ಬೇರೆ. ಪ್ರವೇಶಕ್ಕೆ ದುಡ್ಡಿಲ್ಲ, ಕೊಳ್ಳಿರೆಂದು ಯಾರೂ ಬೆನ್ನು ಹತ್ತುವುದಿಲ್ಲ. ಬೆಲೆಪಟ್ಟಿ ಮೇಜಿನ ಮೇಲಿರುತ್ತದೆ, ಕೇಳಿದರೂ ತಪ್ಪಿಲ್ಲ. ಕಲಾವಿದ ಎದುರಿಗೇ ಇದ್ದರೆ ಇದರ ಅರ್ಥವೇನು ಎಂದು ಕೇಳಬೇಡಿ, ಹೇಗೆ ಮಾಡಿದಿರಿ ಎಂದು ಕೇಳಿ. ಮೊದಲಿನದಕ್ಕೆ ಮುಖ ಸಣ್ಣದಾಗುತ್ತದೆ, ಎರಡನೆಯದಕ್ಕೆ ಅರ್ಧ ತಾಸು ಮಾತು ಸಿಗುತ್ತದೆ. ಹೊಸ ದೇಶದಲ್ಲಿ ಅರ್ಧ ತಾಸು ಯಾರಾದರೂ ಮುಖ ನೋಡಿ ಮಾತಾಡುವುದು ಸಣ್ಣ ಸಂಗತಿಯಲ್ಲ.

ನದಿಯ ಆಚೆ ದಂಡೆಯ ಕಡೆಗೆ ಸ್ಟಾರ್ಮ್ ಕಿಂಗ್ ಇದೆ. 1960ರಲ್ಲಿ ಆರಂಭವಾದ, ಐನೂರು ಎಕರೆಯ ಬಯಲು ಶಿಲ್ಪವನ. ಅಲ್ಲಿಗೆ ಕಾರಿರುವ ಗೆಳೆಯನನ್ನು ಹುಡುಕಿಕೊಳ್ಳಿ. ಚಳಿಗಾಲದಲ್ಲಿ ಮುಚ್ಚಿರುತ್ತದೆ, ನೋಡಿಕೊಳ್ಳದೆ ಜನವರಿಯಲ್ಲಿ ಹೋಗಿ ಬೀಗ ಕಂಡು ಮರಳಿದ ಜಾಣರಲ್ಲಿ ನಾನೂ ಒಬ್ಬ. ಅಲ್ಲಿ ಆಂಡಿ ಗೋಲ್ಡ್ಸ್‌ವರ್ದಿ ಎಂಬ ಕಲಾವಿದ ಬ್ರಿಟನ್ನಿನ ಕಲ್ಲುಕಟ್ಟುವವರಿಂದ 1997-98ರಲ್ಲಿ ಕಟ್ಟಿಸಿದ ಗೋಡೆಯೊಂದಿದೆ. ಉದ್ದ 2,278 ಅಡಿ. ಗಾರೆ ಇಲ್ಲ, ಸಿಮೆಂಟಿಲ್ಲ. ಹಳೆಯ ಹೊಲದ ಗೋಡೆಯೊಂದು ಬಿದ್ದುಹೋಗಿದ್ದ ಜಾಡು ಹಿಡಿದು ಹೊರಟು, ಮರ ಅಡ್ಡ ಬಂದಲ್ಲೆಲ್ಲ ಹಾವಿನಂತೆ ಬಳಸಿ, ಕೊಳದೊಳಗೆ ಮುಳುಗಿ, ಆಚೆ ದಡದಲ್ಲಿ ಎದ್ದು ಗುಡ್ಡ ಹತ್ತುತ್ತದೆ.

ಅವ್ವ ಬಂದಿದ್ದಾಗ ಅಲ್ಲಿಗೆ ಕರೆದೊಯ್ದಿದ್ದೆ. ದೊಡ್ಡ ದೊಡ್ಡ ಕಬ್ಬಿಣದ ಶಿಲ್ಪಗಳನ್ನು ಅವಳು ತಿರುಗಿಯೂ ನೋಡಲಿಲ್ಲ. ಗೋಡೆಯ ಹತ್ತಿರ ಬಂದವಳು ಸೀರೆಯ ನಿರಿಗೆ ಸಾವರಿಸಿಕೊಂಡು ಕುಕ್ಕರಗಾಲಿನಲ್ಲಿ ಕುಳಿತಳು. ಕಲ್ಲಿನ ಸಂದುಗಳನ್ನು ಒಂದೊಂದಾಗಿ ದಿಟ್ಟಿಸಿದಳು. ಅವಳ ತವರು ಸೇಡಂ ಕಡೆಯ ಹಳ್ಳಿ. ಅಲ್ಲಿ ಹೊಲದ ಬದುವಿಗೂ ದನದ ಕೊಟ್ಟಿಗೆಗೂ ಗಾರೆ ಇಲ್ಲದೆ ಪರಸಿ ಕಲ್ಲು ಪೇರಿಸುತ್ತಾರೆ. "ಇದನ್ನು ಕಟ್ಟಿದವನಿಗೆ ಕೆಲಸ ಗೊತ್ತಿದೆ" ಎಂದಳು. "ನೋಡು, ಮೇಲಿನ ಕಲ್ಲು ಕೆಳಗಿನ ಎರಡರ ಮೇಲೆ ಕುಳಿತಿದೆ. ಸಂದಿನ ಮೇಲೆ ಸಂದು ಎಲ್ಲಿಯೂ ಬಂದಿಲ್ಲ." ಇಪ್ಪತ್ತು ವರ್ಷದಲ್ಲಿ ನಾನು ಕೇಳಿದ ಕಲಾವಿಮರ್ಶೆಗಳಲ್ಲಿ ಅದೇ ಒಳ್ಳೆಯದು. ಆಮೇಲೆ ಬುತ್ತಿ ಬಿಚ್ಚಿದೆವು. ಅಲ್ಲಿ ಬಯಲಲ್ಲಿ ಕುಳಿತು ಉಣ್ಣಬಹುದು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇದ್ದರೆ ಸಾಕು.

ಕಾರೂ ಇಲ್ಲ, ಇಡೀ ದಿನದ ಬಿಡುವೂ ಇಲ್ಲ ಎನ್ನುವವರಿಗೆ ನ್ಯೂಜೆರ್ಸಿಯೊಳಗೇ ಸಾಕಷ್ಟಿದೆ. ಸುರಪುರದ ಹುಡುಗಿಗೆ ಹೇಳಿದೆ: ನಿನ್ನ ವಿಶ್ವವಿದ್ಯಾಲಯದಲ್ಲೇ ಜಿಮ್ಮರ್ಲಿ ಮ್ಯೂಸಿಯಂ ಇದೆ, ನ್ಯೂ ಬ್ರನ್ಸ್‌ವಿಕ್ ರೈಲು ನಿಲ್ದಾಣದಿಂದ ನಡೆಯುವಷ್ಟೇ ದೂರ, ಪ್ರವೇಶ ಉಚಿತ. ಸೋವಿಯತ್ ಸರ್ಕಾರಕ್ಕೆ ಒಗ್ಗದ ಕಲಾವಿದರು ಕದ್ದುಮುಚ್ಚಿ ಬರೆದ ಸಾವಿರಾರು ಚಿತ್ರಗಳನ್ನು ಡಾಜ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕ ಅಲ್ಲಿಂದ ಹೊರಗೆ ಸಾಗಿಸಿ ಕೂಡಿಹಾಕಿದ್ದ. ಆ ಸಂಗ್ರಹ ಈಗ ಜಿಮ್ಮರ್ಲಿಯಲ್ಲಿದೆ. ಪ್ರಿನ್ಸ್‌ಟನ್ನಿನ ಮ್ಯೂಸಿಯಂ 2025ರ ಅಕ್ಟೋಬರ್ ಕೊನೆಯಲ್ಲಿ ಹೊಸ ಕಟ್ಟಡದಲ್ಲಿ ಬಾಗಿಲು ತೆರೆಯಿತು, ಅದೂ ಉಚಿತ. ದೊಡ್ಡ ರೈಲು ಇಳಿದು ಡಿಂಕಿ ಎಂಬ ಪುಟ್ಟ ರೈಲು ಹತ್ತಬೇಕು. ಮಕ್ಕಳಿಗೆ ಮ್ಯೂಸಿಯಂಗಿಂತ ಅದೇ ಇಷ್ಟ. ಆ ಮ್ಯೂಸಿಯಂನ ಸಂಗ್ರಹದಲ್ಲಿ ನಮ್ಮ ದೇಶದ ಚಿಕಣಿ ಚಿತ್ರಗಳೂ ಇವೆ. ಕಾಗದದ ಚಿತ್ರಗಳು ಬೆಳಕಿಗೆ ಮಾಸುವುದರಿಂದ ಕೆಲವೇ ತಿಂಗಳು ಹೊರಗಿಟ್ಟು ಮತ್ತೆ ಒಳಗಿಡುತ್ತಾರೆ. ಈಗ ಯಾವುದಿದೆ ಎಂದು ನೋಡಿಕೊಂಡು ಹೋಗಿ.

ನೆವಾರ್ಕಿನ ಮ್ಯೂಸಿಯಂ 1909ರದು. ಟಿಬೆಟ್ಟಿನ ಕಲೆಯ ಸಂಗ್ರಹಕ್ಕೆ ಅದು ಹೆಸರುವಾಸಿ. 1990ರಲ್ಲಿ ದಲೈ ಲಾಮಾ ಅವರೇ ಬಂದು ಪ್ರತಿಷ್ಠೆ ಮಾಡಿದ ಬೌದ್ಧ ಪೂಜಾವೇದಿಕೆ ಅದರೊಳಗಿದೆ. ಆ ಮ್ಯೂಸಿಯಂ ಕಟ್ಟಿದ ಜಾನ್ ಕಾಟನ್ ಡಾನಾ ಗ್ರಂಥಪಾಲಕನಾಗಿದ್ದ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಬಟ್ಟಲು, ತಟ್ಟೆಗಳನ್ನೂ 1920ರ ದಶಕದಲ್ಲೇ ಮ್ಯೂಸಿಯಂನಲ್ಲಿಟ್ಟು ತೋರಿಸಿದ. ಆ ಮನುಷ್ಯ ನನಗೆ ಬಹಳ ಹಿಡಿಸುತ್ತಾನೆ.

ಹ್ಯಾಮಿಲ್ಟನ್ನಿನ ಶಿಲ್ಪೋದ್ಯಾನ ಹಳೆಯ ಜಾತ್ರೆ ಮೈದಾನದಲ್ಲಿದೆ, 1992ರಿಂದ. ಸೀವರ್ಡ್ ಜಾನ್ಸನ್ ಮಾಡಿದ ಕಂಚಿನ ಮನುಷ್ಯರು ಬೆಂಚಿನ ಮೇಲೆ ಕುಳಿತು ಪೇಪರ್ ಓದುತ್ತಿರುತ್ತಾರೆ. ಓಣಿಯ ಗಂಡ ಹೆಂಡತಿಗೆ ಎಚ್ಚರಿಸಿದ್ದೇನೆ. ನನ್ನ ಹೆಂಡತಿ ಅಂಥವನೊಬ್ಬನಿಗೆ ದಾರಿ ಕೇಳಿದ್ದಳು. ವಿಮರ್ಶಕರು ಜಾನ್ಸನ್ನನನ್ನು ಜನರನ್ನು ಮರುಳು ಮಾಡುವವನು ಎಂದು ಹಳಿದರು. ಆ ಮಾತು ಕೇಳಿದಾಗಲೆಲ್ಲ ನನಗೆ ನಮ್ಮ ಎಸ್.ಎಂ. ಪಂಡಿತರು ನೆನಪಾಗುತ್ತಾರೆ. 1916ರಲ್ಲಿ ಇದೇ ಕಲಬುರಗಿಯಲ್ಲಿ ಹುಟ್ಟಿ, ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರ್, ಪುರಾಣದ ಕ್ಯಾಲೆಂಡರ್ ಚಿತ್ರಗಳಿಂದ ಮನೆಮನೆಯ ಗೋಡೆ ಹತ್ತಿದವರು. ನಮ್ಮ ಹುಡುಗರಿಗೆ ಪಂಡಿತ್ ಎಂದರೆ ಗ್ಯಾದರಿಂಗ್ ನಡೆಯುವ ರಂಗಮಂದಿರ.

ಇನ್ನು ಕೆಲವು ಚಿಲ್ಲರೆ ಮಾತು. ಅಲ್ಲಿಗೆ ಹೋದ ವಾರದಲ್ಲೇ ಊರಿನ ಸಾರ್ವಜನಿಕ ಗ್ರಂಥಾಲಯದ ಕಾರ್ಡ್ ಮಾಡಿಸಿಕೊಳ್ಳಿ. ಅನೇಕ ಗ್ರಂಥಾಲಯಗಳು ಪುಸ್ತಕದಂತೆಯೇ ಮ್ಯೂಸಿಯಂ ಪಾಸನ್ನೂ ಎರವಲು ಕೊಡುತ್ತವೆ. ಸೋಮವಾರ, ಮಂಗಳವಾರ ಬಹಳ ಕಡೆ ಬಾಗಿಲು ಹಾಕಿರುತ್ತದೆ. ಬೆನ್ನಿನ ಚೀಲವನ್ನು ಎದೆಗೆ ಹಾಕಿಕೊಳ್ಳಿ, ಇಲ್ಲವೇ ಬಾಗಿಲಲ್ಲಿ ಇರಿಸಿ. ನಾನು ಒಂದು ಕಡೆ ಫಕ್ಕನೆ ತಿರುಗಿದಾಗ ಚೀಲ ಒಂದು ಪೀಠಕ್ಕೆ ತಾಗಿ, ಕಾವಲಿನವನು ಕೂಗಿದ ಕೂಗಿಗೆ ಇಡೀ ಹಾಲ್ ನನ್ನತ್ತ ನೋಡಿತ್ತು.

ಹೊರಡಲು ನಾಲ್ವರಿಗೂ ಇನ್ನೂ ಹನ್ನೆರಡು ದಿನವಿತ್ತು. ಬೀದರಿನ ಹುಡುಗ ಎದ್ದು ನಿಂತು, "ಕಾಕಾ, ಅಲ್ಲಿಯ ಪ್ರೊಫೆಸರರಿಗೆ ಕೊಡಲು ಬಿದ್ರಿ ಡಬ್ಬಿ ಒಯ್ಯಬೇಕು ಎಂದಿದ್ದೇನೆ. ಸರಿಯೇ ಹೇಳಿರಿ" ಎಂದ. ಅದನ್ನು ಹೇಗೆ ಮಾಡುತ್ತಾರೆ ಗೊತ್ತೇ ಎಂದು ಕೇಳಿದೆ. ಬೀದರಿನ ಚೌಬಾರಾ ಗೋಪುರದ ಹತ್ತಿರವೇ ಬೆಳೆದವನು, ಶಾಲೆಗೆ ಹೋಗುವಾಗ ದಿನಾ ಬಿದ್ರಿ ಕೆಲಸದ ಅಂಗಡಿಗಳಿಂದ ಸುತ್ತಿಗೆಯ ಟಕ್ ಟಕ್ ಕೇಳಿದವನು, ಒಳಗೆ ಒಮ್ಮೆಯೂ ಹೋಗಿರಲಿಲ್ಲ. "ನಾಳೆ ಹೋಗು" ಎಂದೆ. 2015ರ ಆ ಮುದುಕಿಯ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಮರುವರ್ಷ ನಾನೂ ಹೋಗಿದ್ದೆ. ಸತುವಿಗೆ ಒಂದಿಷ್ಟು ತಾಮ್ರ ಕೂಡಿಸಿ ಎರಕ ಹೊಯ್ದ ಪಾತ್ರೆಗೆ ಮೊದಲು ಮೈಲುತುತ್ತ ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಗೀರಿದ ಚಿತ್ತಾರ ಕಾಣಲೆಂದು. ಚಿತ್ತಾರವನ್ನು ಅಚ್ಚಿಲ್ಲದೆ ಕೈಯಲ್ಲೇ ಬರೆದು, ಉಳಿಯಿಂದ ಕೊರೆದು, ಗೀರಿನೊಳಗೆ ಬೆಳ್ಳಿಯ ತಂತಿ ಕೂಡಿಸಿ ಬಡಿಯುತ್ತಾರೆ. ಉಜ್ಜಿ ನಯಮಾಡಿದ ಮೇಲೆ ಪಾತ್ರೆ ಬೂದು ಬಣ್ಣ, ಬೆಳ್ಳಿ ಎಲ್ಲಿದೆ ಎಂಬುದೂ ತಿಳಿಯದು. ಆಗ ಬಿಸಿಲು ಮಳೆ ಕಾಣದ ಕೋಟೆಯ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಮಣ್ಣು ಸರಿಯಾದದ್ದೇ ಎಂದು ಕುಶಲಕರ್ಮಿ ನಾಲಿಗೆಗೆ ಹಚ್ಚಿಕೊಂಡು ನೋಡುತ್ತಾನೆ.

ಮೂರನೆಯ ದಿನ ಸಂಜೆ ಮೊಬೈಲಿಗೆ ಆ ಹುಡುಗನ ಫೋಟೊ ಬಂತು. ಎಡ ಅಂಗೈಯಲ್ಲಿ ಸಣ್ಣ ಡಬ್ಬಿ, ಬಲಗೈಯ ಹೆಬ್ಬೆರಳು ತುದಿಯಿಂದ ಗೆಣ್ಣಿನವರೆಗೆ ಮಣ್ಣು. ಕೆಳಗೆ ಒಂದೇ ಸಾಲು ಬರೆದಿದ್ದ: "ಕಾಕಾ, ಉಪ್ಪುಪ್ಪಾಗಿದೆ."