ಜ್ಯೂರಿಗೆ ಓದಿ ಹೇಳಿದ ಆ ಹಾಳೆ

ಧಾರವಾಡದಲ್ಲಿ ಸೀನಿಯರ್ ಕೈಕೆಳಗೆ ಕ್ರಿಮಿನಲ್ ಅಪೀಲು ಕಲಿಯುವಾಗ ಮೊದಲು ಬಿಡಿಸುತ್ತಿದ್ದುದು ಸೆಷನ್ಸ್ ನ್ಯಾಯಾಧೀಶರ ತೀರ್ಪನ್ನು. ಯಾವ ಸಾಕ್ಷಿಯನ್ನು ಏಕೆ ನಂಬಿದರು, ಯಾರನ್ನು ಏಕೆ ಬಿಟ್ಟರು ಎಲ್ಲವೂ ಅಲ್ಲಿರುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಆರೋಪಿಗಳ ಪರ ಅಪೀಲು ನಡೆಸತೊಡಗಿದಾಗ ಆ ತೀರ್ಪೇ ಇಲ್ಲ. ಜ್ಯೂರಿಯಲ್ಲಿ ಕೂತ ಹನ್ನೆರಡು ಜನ ಸಾಮಾನ್ಯ ನಾಗರಿಕರು ‘ತಪ್ಪಿತಸ್ಥ’ ಎಂದಷ್ಟೇ ಹೇಳಿ ಮನೆಗೆ ಹೋಗಿರುತ್ತಾರೆ. ಕಾರಣ ಹುಡುಕಲು ಹೋದರೆ ಕೈಗೆ ಸಿಗುವುದು, ಕಾನೂನು ಹೀಗಿದೆ ಎಂದು ನ್ಯಾಯಾಧೀಶರು ಅವರಿಗೆ ಓದಿ ಹೇಳಿದ ಸೂಚನೆ. ಈಗ ನಾನು ಕಡತ ತೆರೆಯುವುದು ಅಲ್ಲಿಂದಲೇ.

ಇದನ್ನು ನನಗೆ ಕಲಿಸಿದ್ದು 2018ರಲ್ಲಿ ಅಪೀಲಿಗೆ ಬಂದ ಒಂದು ಹಳೇ ಕಾರಿನ ಕೇಸು. ಅಲ್ಲಿನ ವೆಹಿಕಲ್ ಕೋಡಿನ 10851ನೇ ಕಲಂ ಪ್ರಕಾರ ಮಾಲೀಕರ ಒಪ್ಪಿಗೆಯಿಲ್ಲದೆ ಗಾಡಿಯನ್ನು ಒಯ್ದರೂ ಅಪರಾಧ, ಓಡಿಸಿದರೂ ಅಪರಾಧ. ಫೆಲನಿಯಾದರೆ, ಅಂದರೆ ಗಂಭೀರ ಅಪರಾಧವೆಂದು ಎಣಿಸಿದರೆ, 16 ತಿಂಗಳಿಂದ 3 ವರ್ಷ. ಆದರೆ 2014ರಲ್ಲಿ ಮತದಾರರು ಒಪ್ಪಿದ ಪ್ರಾಪೊಸಿಷನ್ 47 ಎಂಬ ಕಾನೂನು, 950 ಡಾಲರ್ ಮೀರದ ವಸ್ತುವಿನ ಕಳ್ಳತನವನ್ನು ಸಣ್ಣ ಕಳವು ಎಂದಿತು. ಗಂಭೀರ ಹಿಂದಿನ ಶಿಕ್ಷೆಗಳಿಲ್ಲದವರಿಗೆ ಆಗ ಹೆಚ್ಚೆಂದರೆ ಆರು ತಿಂಗಳು ಜೈಲು. ಅದರಲ್ಲಿ 10851ರ ಹೆಸರೇ ಇಲ್ಲ, ಹಾಗಾಗಿ ಅದಕ್ಕೆ ಅನ್ವಯಿಸದು ಎಂದು ಸರ್ಕಾರ ವಾದಿಸುತ್ತಿತ್ತು. 2017ರ ನವೆಂಬರಿನಲ್ಲಿ, ಪೇಜ್ ಪ್ರಕರಣದಲ್ಲಿ, ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕಲಮಿನ ಸಂಖ್ಯೆ ಯಾವುದೇ ಇರಲಿ, ನಡೆದದ್ದು ಕಾರಿನ ಕಳ್ಳತನವಾದರೆ 950ರ ಮಿತಿ ಅದಕ್ಕೂ ಉಂಟು. ಕಳವು ಮುಗಿದ ಎಷ್ಟೋ ಹೊತ್ತಿನ ಮೇಲೆ ಆ ಗಾಡಿ ಓಡಿಸಿದ್ದು ಮಾತ್ರ ಬೇರೆ ಅಪರಾಧ. ಅದಕ್ಕೆ ಬೆಲೆಯ ಲೆಕ್ಕವಿಲ್ಲ.

ನನ್ನ ಕಕ್ಷಿಗಾರನ ವಿಚಾರಣೆ ಇದಕ್ಕೂ ಮೊದಲೇ ಮುಗಿದಿತ್ತು. ಮೊದಲ ಕರಡಿನಲ್ಲಿ ನಾನು, ಕಾರಿನ ಬೆಲೆಗೆ ಸಾಕ್ಷ್ಯವೇ ಇಲ್ಲ, ಬಿಡುಗಡೆ ಮಾಡಿ ಎಂದು ಬರೆದಿದ್ದೆ. ಅದು ಊರಿನ ಅಭ್ಯಾಸ, ಮತ್ತು ತಪ್ಪು ದಾರಿ. ಬೆಲೆ ಸಾಬೀತುಪಡಿಸಬೇಕೆಂದು ಆಗ ಯಾರೂ ಕೇಳಿರಲಿಲ್ಲವಲ್ಲ! ಸೂಚನೆಯ ಹಾಳೆಯನ್ನು ಕಲಮಿನ ಪಕ್ಕದಲ್ಲಿಟ್ಟು ಪದಪದವಾಗಿ ಓದಿದಾಗ ಕಂಡಿತು: ‘ಒಯ್ದ ಅಥವಾ ಓಡಿಸಿದ’ ಎಂದಿದೆ, ಕಳವಿಗೂ ಆಮೇಲಿನ ಓಡಿಸುವಿಕೆಗೂ ಗೆರೆಯಿಲ್ಲ, 950ರ ಮಾತೇ ಇಲ್ಲ. ವಾದವನ್ನು ಪೂರ್ತಿ ಹೊಸದಾಗಿ ಬರೆದೆ.

ಕೆಳಗಿನ ಕೋರ್ಟಿನಲ್ಲಿ ಆತನ ವಕೀಲರು ಈ ಸೂಚನೆಗೆ ಆಕ್ಷೇಪಿಸಿರಲಿಲ್ಲ. ಆದರೂ ಆರೋಪಿಯ ಮುಖ್ಯ ಹಕ್ಕಿಗೆ ಪೆಟ್ಟು ಬಿದ್ದಿದ್ದರೆ ಸೂಚನೆಯ ತಪ್ಪನ್ನು ನೋಡಲು ಪೀನಲ್ ಕೋಡಿನ 1259ನೇ ಕಲಂ ಬಾಗಿಲು ತೆರೆದಿಟ್ಟಿದೆ. ‘ತಪ್ಪಾಗಿದ್ದರೂ ಫಲಿತಾಂಶ ಅದೇ ಆಗುತ್ತಿತ್ತು’ ಎಂದರು ಸರ್ಕಾರದ ಕಡೆಯವರು. ಸಂವಿಧಾನಕ್ಕೆ ಸಂಬಂಧಿಸಿದ ತಪ್ಪಾದರೆ, ಅಮೆರಿಕದ ಸುಪ್ರೀಂ ಕೋರ್ಟಿನ 1967ರ ಚಾಪ್‌ಮನ್ ತೀರ್ಪಿನಂತೆ, ಅದನ್ನು ಸಕಾರಣ ಸಂಶಯಕ್ಕೆಡೆಯಿಲ್ಲದೆ ತೋರಿಸುವ ಹೊರೆ ಅವರದೇ. ನಾನು ಪ್ರಾಸಿಕ್ಯೂಟರರ ಕೊನೆಯ ವಾದದ ಪುಟ ತೆರೆದಿಟ್ಟೆ. ಒಯ್ದರೂ ಸೈ, ಓಡಿಸಿದರೂ ಸೈ, ಯಾವುದಾದರೂ ಒಂದು ಸಾಕು ಎಂದು ಅವರೇ ಜ್ಯೂರಿಗೆ ಹೇಳಿದ್ದರು. ಹಾಗಾಗಿ ಜ್ಯೂರಿ ಯಾವುದನ್ನು ನಂಬಿ ತಪ್ಪಿತಸ್ಥ ಎಂದಿತೋ ಹೇಳಲಾಗದು. ಸೂಚನೆಯ ಜೊತೆಗೆ ಈ ಪುಟಗಳನ್ನು ಓದದೆ ಯಾರೂ ಅಪೀಲು ಬರೆಯಬಾರದು.

(ಮುಂದೆ ಅದೇ ರಾಜ್ಯ ಸುಪ್ರೀಂ ಕೋರ್ಟಿನ 2020ರ ಬುಲ್ಲರ್ಡ್ ತೀರ್ಪು ಇನ್ನೊಂದು ಗಂಟು ಬಿಡಿಸಿತು. ಇಟ್ಟುಕೊಳ್ಳಲೆಂದು ಕಾರು ಒಯ್ದವನಿಗೆ ಸಣ್ಣ ಶಿಕ್ಷೆ, ತಾತ್ಕಾಲಿಕವಾಗಿ ಒಯ್ದವನಿಗೆ ದೊಡ್ಡ ಶಿಕ್ಷೆ ಎಂಬ ಅರ್ಥ ಬರುವಂತೆ ಕಾನೂನನ್ನು ಓದಲಾಗದು ಎಂದಿತು. ಓದಿ ತುಂಬ ಸಂತೋಷಪಟ್ಟೆ.)

ಫೆಲನಿ ರದ್ದಾಯಿತು. ಮರುವಿಚಾರಣೆಯೋ, ಸಣ್ಣ ಕಳವೋ, ಆಯ್ಕೆ ಪ್ರಾಸಿಕ್ಯೂಷನ್‌ಗೆ. ಅವರು ಸಣ್ಣ ಕಳವಿಗೆ ಒಪ್ಪಿದರು. ಅಷ್ಟರಲ್ಲಿ ಆತ ಆರು ತಿಂಗಳಿಗಿಂತ ಬಹಳ ಹೆಚ್ಚು ಕಾಲ ಜೈಲಿನಲ್ಲಿ ಕಳೆದಾಗಿತ್ತು.