ನಲವತ್ತು ನಿಮಿಷದಲ್ಲಿ ಮಕ್ಕಳ ಪಾಲೆಷ್ಟು?

ಪಾಠ ಮುಗಿಸುವುದಕ್ಕೇ ಸಮಯ ಸಾಲದು, ಇನ್ನು ಮಕ್ಕಳನ್ನು ಯೋಚಿಸಲು ಬಿಡುವುದೆಲ್ಲಿ ಎಂಬ ಮೇಷ್ಟ್ರುಗಳ ಗೋಳು ಸುಳ್ಳಲ್ಲ. ಆದರೂ ಒಂದು ವಾರ ಗಡಿಯಾರ ಮುಂದಿಟ್ಟುಕೊಂಡು ಪಾಠ ಮಾಡಿ ನೋಡಿ. ಹಾಜರಿಗೆ ಎಷ್ಟು ಹೋಯಿತು, ಬೋರ್ಡಿನಲ್ಲಿದ್ದದ್ದನ್ನು ಇಳಿಸಿಕೊಳ್ಳಲು ಎಷ್ಟು, ನೀವು ಮಾತಾಡಿದ್ದೆಷ್ಟು, ಮಕ್ಕಳು ತಲೆ ಓಡಿಸಿದ್ದೆಷ್ಟು ಎಂದು ಗುರುತು ಹಾಕಿ. ಕೊನೆಯ ಲೆಕ್ಕ ನೋಡಿ ಮುಜುಗರವಾದರೆ ಅರ್ಧ ಕೆಲಸ ಆದಂತೆ.

ಮೊದಲು ಕತ್ತರಿ ಬೀಳಬೇಕಾದದ್ದು ನೋಟ್ಸ್ ಬರೆಸುವುದಕ್ಕೆ. ವ್ಯಾಖ್ಯೆ, ಸೂತ್ರ, ಚಿತ್ರ ಎಲ್ಲವನ್ನೂ ಒಂದು ಹಾಳೆಯಲ್ಲಿ ಹಿಂದಿನ ದಿನವೇ ಕೊಟ್ಟುಬಿಡಿ. ಅಮೆರಿಕದ ಕೊಲೊರಾಡೊದ ರಸಾಯನಶಾಸ್ತ್ರ ಶಿಕ್ಷಕರಾದ ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್ 2007ರಲ್ಲಿ ಪಾಠಗಳನ್ನು ವಿಡಿಯೊ ಮಾಡತೊಡಗಿದರು. ಪಾಠ ಕೇಳುವುದು ಮನೆಗೆ ಹೋಯಿತು, ಲೆಕ್ಕ ಬಿಡಿಸುವುದು ತರಗತಿಗೆ ಬಂತು. 'ಫ್ಲಿಪ್ಡ್ ಕ್ಲಾಸ್‌ರೂಮ್' ಎಂಬ ಮಾತು ಮನೆಮಾತಾಗಲು ಇವರೂ ಕಾರಣ. ವಿಡಿಯೊವೇ ಆಗಬೇಕೆಂದಿಲ್ಲ, ನನ್ನ ಮಟ್ಟಿಗೆ ಹಾಳೆಯೇ ವಾಸಿ, ಅದರ ಚಾರ್ಜ್ ಮುಗಿಯುವುದಿಲ್ಲ.

ಓದದೆ ಬಂದವರು ಇದ್ದೇ ಇರುತ್ತಾರೆ. ಅವರಿಗಾಗಿ ಪಾಠ ಮತ್ತೆ ಹೇಳಿದಿರೋ, ಮರುದಿನ ಯಾರೂ ಓದಿ ಬರುವುದಿಲ್ಲ. ಹಿಂದಿನ ಬೆಂಚಿನಲ್ಲಿ ಐದು ನಿಮಿಷ ಓದಿ ಆಮೇಲೆ ಸೇರಿಕೊಳ್ಳಲಿ.

ಇನ್ನು ಪ್ರಶ್ನೆ. ಹಾಳೆಯಲ್ಲಿ ಹುಡುಕಿದರೆ ಉತ್ತರ ಸಿಗುವಂಥದ್ದು ಬೇಡ. ಅಂಚಿನವರೆಗೆ ನೀರಿರುವ ಲೋಟದಲ್ಲಿ ಮಂಜುಗಡ್ಡೆ ತೇಲುತ್ತಿದೆ. ಅದು ಕರಗಿದಾಗ ನೀರು ಚೆಲ್ಲುತ್ತದೆಯೇ, ಇಳಿಯುತ್ತದೆಯೇ, ಅಷ್ಟೇ ಇರುತ್ತದೆಯೇ? ಒಂದು ನಿಮಿಷ ಪಿಟ್ಟೆನ್ನದೆ ಪ್ರತಿಯೊಬ್ಬರೂ ಉತ್ತರ ಬರೆದುಕೊಳ್ಳಲಿ. ಆಮೇಲೆ ಒಂದು, ಎರಡು, ಮೂರು ಎಂದು ಬೆರಳು ತೋರಿಸಲಿ. ಬೆರಳನ್ನು ಎದೆಗೆ ಹಿಡಿದು ತೋರಿಸಿದರೆ ಪಕ್ಕದವರನ್ನು ನೋಡಿ ಬದಲಿಸುವವರು ಕಡಿಮೆ.

ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ 1990ರ ದಶಕದಲ್ಲಿ ರೂಢಿಸಿದ ದಾರಿ ಇದು. ಸರಿಯುತ್ತರ ಕೊಟ್ಟವರು ಸುಮಾರು ಶೇ 30ರಿಂದ 70ರ ನಡುವೆ ಇದ್ದರೆ ಚರ್ಚೆಗೆ ಬಿಡಿ, ಮತ್ತೆ ಮತ ಹಾಕಿಸಿ. ತೀರಾ ಕಡಿಮೆಯಿದ್ದರೆ ನೀವೇ ವಿವರಿಸಿ, ಬಹಳ ಹೆಚ್ಚಿದ್ದರೆ ಮುಂದೆ ಹೋಗಿ. ಆ ಚರ್ಚೆಯನ್ನು ಕಿವಿಗೊಟ್ಟು ಕೇಳಿ. 'ಮೇಲೆ ಕಾಣೋ ತುದಿ ಕರಗಿ ಎಲ್ಲಿ ಹೋಗುತ್ತೆ?' ಎಂದು ಒಬ್ಬಳು ಕೇಳುತ್ತಾಳೆ. 'ಒಳಗಿರೋದು ಕುಗ್ಗುತ್ತಲ್ಲ!' ಎಂದು ಇನ್ನೊಬ್ಬ. ತೇಲುವ ಗಡ್ಡೆ ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ತಳ್ಳಿರುತ್ತದೆ, ಕರಗಿ ಅಷ್ಟೇ ನೀರಾಗುತ್ತದೆ, ಮಟ್ಟ ಬದಲಾಗದು. ಇದನ್ನು ನೀವು ಹೇಳುವ ಮೊದಲೇ ಯಾವುದೋ ಬೆಂಚಿನಲ್ಲಿ ಅದು ಹೊರಬಿದ್ದಿರುತ್ತದೆ.

ಕಷ್ಟದ ಭಾಗ ಬಾಯಿ ಮುಚ್ಚಿಕೊಂಡಿರುವುದು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸುಮಾರು ಒಂದೇ ಸೆಕೆಂಡು ಕಾಯುತ್ತಾರೆಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, 'ಗೊತ್ತಿಲ್ಲ' ಕಡಿಮೆಯಾಗುತ್ತದೆ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ.

ಮೊದಮೊದಲು ಪೋರ್ಷನ್ ಹಿಂದೆ ಬೀಳುತ್ತದೆ, ನಿಜ. ಪೂರ್ತಿ ಬದಲಿಸಲು ಹೋಗದೆ ವಾರಕ್ಕೊಂದು ಪಿರಿಯಡ್‌ನಿಂದ ಶುರು ಮಾಡಿ. ವಿಜ್ಞಾನ, ಗಣಿತ, ಎಂಜಿನಿಯರಿಂಗ್‌ನ ಕಾಲೇಜು ತರಗತಿಗಳ 225 ಅಧ್ಯಯನಗಳನ್ನು 2014ರಲ್ಲಿ ಒಟ್ಟಿಗೆ ತೂಗಿ ನೋಡಿದಾಗ, ಹೀಗೆ ತಾವೇ ತಲೆ ಓಡಿಸಿ ಕಲಿತವರಿಗೆ ಹೋಲಿಸಿದರೆ ಬರೀ ಉಪನ್ಯಾಸ ಕೇಳಿದವರು ಫೇಲಾಗುವ ಸಾಧ್ಯತೆ ಒಂದೂವರೆ ಪಟ್ಟಿತ್ತು.

ಕೊನೆಯ ಐದು ನಿಮಿಷ ಪ್ರತಿಯೊಬ್ಬರೂ ಚೀಟಿಯಲ್ಲಿ ಹೊಸ ಪ್ರಶ್ನೆಯೊಂದನ್ನು ಬರೆದುಕೊಡಲಿ. 'ತೇಲೋ ಗಡ್ಡೆಯೊಳಗೆ ಒಂದು ನಾಣ್ಯ ಇದ್ದರೆ?' ಎಂದು ಯಾರಾದರೂ ಬರೆದರೆ ನಾಳೆಯ ಪಾಠ ಸಿದ್ಧ. ಆಗ ಮಟ್ಟ ಇಳಿಯುತ್ತದೆ. ಯಾಕೆಂದು ನೀವು ಹೇಳಬೇಡಿ.